ನೂರಾ ಎಂಬತ್ತು ಪ್ರಶ್ನೆ, ನೂರಾ ಎಂಬತ್ತು ನಿಮಿಷ

ಅಲ್ಲ, ನಾನು ಕೇಳ್ತಿರೋದು ಇಷ್ಟೇ… ನೂರಾ ಎಂಬತ್ತು ಪ್ರಶ್ನೆ. ನೂರಾ ಎಂಬತ್ತನ್ನೂ ಮುಗಿಸಿದ್ಯಾ? ಒಂದೂ ಬಿಡದೆ? ಹಾಗೆ ತಲೆ ಆಡಿಸಿಬಿಟ್ರೆ ಆಯ್ತಾ! ಕಟ್ಕೊಂಡ ಗಂಡ ಕೇಳ್ತಿದ್ದೀನಿ, ಬಾಯಿಬಿಟ್ಟು ಹೇಳು.

ಯಾಕೆ ನಗ್ತೀಯ? ನಗೋ ವಿಷಯಾನಾ ಇದು? ಮೂರು ಗಂಟೆಗೇ ಅಂಗಡಿಗೆ ಬಂದು ಆ ಸ್ಟೂಲ್ ಮೇಲೆ ಕೂತೆ. ವಾಚ್ ರಿಪೇರಿಗೆ ಬಂದ ಗಿರಾಕಿಗಳಿದ್ರು, ನಾನೂ ಮಾತಾಡ್ಸೋಕೆ ಆಗ್ಲಿಲ್ಲ. ಈಗ ಮಾತಾಡ್ಸಿದ್ರೆ ನಗು! ಕಾಲ ಹತ್ರ ಬ್ಯಾಗು, ಮುಂದೆ ಗಾಜಿನ ಮೇಲೆ ಆ ಅಂಕಪಟ್ಟಿ, ನಾಲ್ಕೂವರೆಗೆ ಬಸ್ಸು. ನಾಳೆ ನರ್ಸಿಂಗ್ ಕಾಲೇಜು ಸೇರಿದ್ರೆ ಇನ್ನು ಮೂರು ವರ್ಷ ಹಾಸ್ಟೆಲ್ಲು. ಎಲ್ಲಾ ನೀನೇ ತೀರ್ಮಾನ ಮಾಡಿ ಆಗಿದೆ. ಹೋಗು, ಬೇಡ ಅಂದೋರ್ಯಾರು? ಆದ್ರೆ ನನ್ನ ಅನುಮಾನ ತೀರಿಸಿ ಹೋಗು.

ಮೊದಲ್ನೇ ಸಲ ಎಷ್ಟು ಬಂದಿತ್ತು? ನೂರಾ ಇಪ್ಪತ್ತೊಂದು. ಸೀಟಿಗೆ ಬೇಕಾಗಿದ್ದು ನೂರಾ ಮೂವತ್ತು. ಒಂಬತ್ತು ಅಂಕಕ್ಕೆ ಹೋಯ್ತು. ಕೊನೇ ಹದಿನೈದು ಪ್ರಶ್ನೆ ಓದೋಕೂ ಆಗ್ಲಿಲ್ಲ, ಇನ್ನೂ ಟೈಮಿದೆ ಅಂದ್ಕೊಂಡಿದ್ದೆ, ಗಂಟೆ ಹೊಡೆದು ಪೇಪರ್ ಕಿತ್ಕೊಂಡ್ರು ಅಂತ ಮನೆಗೆ ಬಂದು ಎಷ್ಟು ಅತ್ತೆ! ಯಾರು ಸಮಾಧಾನ ಮಾಡಿದ್ದು? ನಾನು. ನಿನ್ನ ಕೈ ನಿಧಾನ ಕಣೆ, ಹುಟ್ಟುಗುಣ, ಏನು ಮಾಡೋಕಾಗುತ್ತೆ ಅಂದೆ. ಅವತ್ತು ಟೀ ಕೂಡ ನಾನೇ ಮಾಡಿಕೊಟ್ಟೆ. ನೆನಪಿದೆಯಾ? ಅಂಥ ಗಂಡನಿಗೆ ಒಂದು ಮಾತು ನಿಜ ಹೇಳೋಕೆ ಏನು ಕಷ್ಟ?

ಎರಡನೇ ಅವಕಾಶ ಬಂದಿದ್ದು ಬರೀ ಆರು ವಾರಕ್ಕೆ. ಬೆಳಗಾಗೋ ಮುಂಚೆ ಬೇಕರಿ ಕೆಲಸಕ್ಕೆ ಹೋದ್ರೆ ದೀಪ ಹಚ್ಚೋ ಹೊತ್ತಿಗೆ ಬರೋಳು ನೀನು. ಮನೇಲಿ ಪುಸ್ತಕ ಮುಟ್ಟಿದ್ದನ್ನ ನಾನಂತೂ ನೋಡಿಲ್ಲ. ಈಗ ನೋಡಿದ್ರೆ ನೂರಾ ನಲವತ್ತೆಂಟು! ಇಪ್ಪತ್ತೇಳು ಅಂಕ ಎಲ್ಲಿಂದ ಬಂತೇ? ಬ್ರೆಡ್ಡಿನ ಹಿಟ್ಟಾ ಅದು, ಒದ್ದೆ ಬಟ್ಟೆ ಮುಚ್ಚಿಟ್ರೆ ತಾನೇ ಉಬ್ಬೋಕೆ? ನನ್ನ ಕಿವಿ ಮೇಲೆ ಹೂವು ಇಡ್ಬೇಡ.

ಹೌದು, ಬೇಕರಿ ಹತ್ರ ಬಂದಿದ್ದೆ. ಎರಡು ಸಲ… ಸರಿ, ನಾಲ್ಕು ಸಲ. ಹಾಗೆ ನೋಡ್ಬೇಡ. ಎದುರಿನ ಪಂಕ್ಚರ್ ಅಂಗಡೀಲಿ ಟೈರ್‌ಗಳ ಹಿಂದೆ ನಿಂತಿದ್ದೆ. ಸೈಕಲ್ಲೇ ಇಲ್ದೆ ಪಂಕ್ಚರ್ ಅಂಗಡಿಗೆ ದಿನಾ ಯಾಕೆ ಬರ್ತೀರಿ ಅಂತ ಅವನು ಬೇರೆ ಕೇಳ್ದ. ಆ ಬ್ರೆಡ್ ಮಾಸ್ಟರ್ ಮೇಲೆ ನನಗೆ ಅನುಮಾನ ಇತ್ತು. ಅವನು ಒಲೆಗೆ ತಟ್ಟೆ ತಳ್ಳಿ ಬಾಗಿಲು ಹಾಕೋದೇ ತಡ, ನೀನು ಹಿಟ್ಟಿನ ಮೂಟೆ ಮೇಲೆ ಕೂತು ಬರೀತಿದ್ದೆ. ತಲೆ ಎತ್ತಲ್ಲ, ಬೆವರು ಒರೆಸಲ್ಲ. ಒಲೆ ಗಂಟೆ ಬಡೀತು ಅಂದ್ರೆ ಪೆನ್ನು ಕೆಳಗೆ! ಪ್ರೇಮಪತ್ರ ಅಂದ್ಕೊಂಡೆ. ಅಷ್ಟುದ್ದ ಯಾವನಿಗೆ ಬರೀತಾಳಪ್ಪ ಇವಳು ಅಂತ…

ನಗು, ನಗು. ಆಮೇಲೆ ತಡೀಲಾರ್ದೆ ಮಾಸ್ಟರನ್ನೇ ಕೇಳ್ದೆ. ಅವನು, ಅಣ್ಣಾ, ಬ್ರೆಡ್ ಬೇಯೋಕೆ ಮೂವತ್ತೈದು ನಿಮಿಷ, ಅಷ್ಟರಲ್ಲಿ ಅಕ್ಕ ನಲವತ್ತೈದು ಪ್ರಶ್ನೆ ಮುಗಿಸ್ಬೇಕು ಅಂತ ಹಟ ಹಿಡಿದಿದಾರೆ, ಅಂದ. ಊಟದ ಹೊತ್ತು ಬಿಟ್ರೆ ದಿನಕ್ಕೆ ಸಿಗೋ ಬಿಡುವು ಅದೊಂದೇ ಅಂತೆ. ಊಟದ ಹೊತ್ತಲ್ಲಿ ತಪ್ಪಾಗಿದ್ದನ್ನ ಮಾತ್ರ ಮತ್ತೆ ಮಾಡೋದಂತೆ, ಸರಿಯಾಗಿದ್ದನ್ನ ತಿರುಗಿಯೂ ನೋಡಲ್ವಂತೆ. ನನ್ನ ಕೈ ನಿಧಾನ, ನಮ್ಮ ಮನೆಯವರೇ ಹೇಳಿದಾರೆ, ಅದಕ್ಕೇ ಇಷ್ಟು ಅವಸರ ಅಂದ್ಯಂತೆ… ಅಂದ್ಯಾ?

ಅದೇನೇ ಇರ್ಲಿ. ನಾನು ನಂಬಲ್ಲ. ಪೇಪರ್ ಮೊದಲೇ ಸಿಕ್ಕಿತ್ತಾ? ಪಕ್ಕದವಳದ್ದು ನೋಡಿದ್ಯಾ? ಯಾರಿಗೂ ಹೇಳಲ್ಲ, ನನಗೊಬ್ಬನಿಗೆ ಹೇಳು. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಲೋಕಕ್ಕೆ ಗೊತ್ತಾಗಲ್ವಾ? ಹೋಗ್ಲಿ, ಇದನ್ನ ಹೇಳು. ಹಾಲ್‌ನಲ್ಲಿ ಗಡಿಯಾರ ಇತ್ತಾ ಈ ಸಲ? ಇರ್ಲಿಲ್ಲ. ಮೊದಲ್ನೇ ಸಲಾನೂ ಇರ್ಲಿಲ್ಲ ಅಂದಿದ್ದೆ. ಮತ್ತೆ ಟೈಮು? ನಾನು ನಿನ್ನ ಕೈಗೆ ಕಟ್ಟಿದ ವಾಚ್ ನೋಡ್ಕೊಂಡೇ ಬರೆದ್ಯಾ? ಅದನ್ನೇ ನಂಬ್ಕೊಂಡು? ಹಾಗಾದ್ರೆ ಮುಗಿಯೋಕೆ ಸಾಧ್ಯಾನೇ ಇಲ್ಲ ಕಣೆ! ಲೆಕ್ಕದ ಪ್ರಕಾರ ಆಗೋಕೇ ಆಗೋದಿಲ್ಲ!

…ಯಾಕೆ ಹುಬ್ಬು ಏರಿಸ್ತೀಯ? ಯಾವ ಲೆಕ್ಕವೂ ಇಲ್ಲ. ಬಾಯಿಗೆ ಬಂತು, ಅಂದೆ.

ಅಂದ ಹಾಗೆ ಆ ವಾಚ್ ಎಲ್ಲಿ? ಮೂರು ವಾರದಿಂದ ಕೇಳ್ತಿದ್ದೀನಿ. ಎರಡು ಪರೀಕ್ಷೆಗೂ ಬೆಳಗ್ಗೆ ನಾನೇ ಕೈಗೆ ಕಟ್ಟಿ ಕಳಿಸಿದ್ದು. ಮೊದಲ್ನೇ ಸಲ ಎಣ್ಣೆ ಹಾಕ್ಬೇಕು ಅಂದ ತಕ್ಷಣ ನೀನು ಸಂಜೇನೇ ಬಿಚ್ಚಿಕೊಟ್ಟೆ. ಈ ಸಲ ಮಾತ್ರ ಎಲ್ಲೋ ಇಟ್ಟಿದ್ದೀನಿ, ಹುಡುಕ್ತೀನಿ… ಇವತ್ತು ಹುಡುಕ್ತೀನಿ, ನಾಳೆ ಹುಡುಕ್ತೀನಿ. ಯಾಕೆ ಬಚ್ಚಿಟ್ಟೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನೋಡು, ವಾಚ್ ಅಂದ ಕೂಡ್ಲೇ ನಿನ್ನ ಕೈ ಹೇಗೆ ಆ ಅಂಕಪಟ್ಟಿ ಮೇಲೆ ಹೋಯ್ತು! ಏನದು ಅದರ ಕೆಳಗೆ? ತೆಗಿ ನೋಡೋಣ.

ಓ… ಇಲ್ಲೇ ಇದೆ. ಯಾವಾಗ ಇಟ್ಟೆ? ಬಂದಾಗ್ಲೇನಾ? ಗೋಡೆ ಗಡಿಯಾರ ಮೂರು ಹೊಡೆಯೋವಾಗ ತಲೆ ಬಗ್ಗಿಸಿ ಏನೋ ಮಾಡ್ತಿದ್ದೆ. ಅದಕ್ಕೆ ಕೀ ಕೊಡ್ತಿದ್ಯಾ? ಟೈಮು ಸರಿ ಮಾಡಿ ಇಟ್ಯಾ, ಆ ಗೋಡೆದು ನೋಡಿ?

ಕೊಡು ಇಲ್ಲಿ. ಎಣ್ಣೆ ಒಣಗಿರುತ್ತೆ, ಹಾಕಿ ಕೊಡ್ತೀನಿ. ಕೊಡೇ… ಕೈ ತೆಗಿ. ಗಿರಾಕಿ ಯಾರಾದ್ರೂ ನೋಡಿದ್ರೆ ಏನಂದ್ಕೊಳ್ತಾರೆ, ಗಂಡ ಹೆಂಡ್ತಿ ಒಂದು ವಾಚಿಗೆ ಕಿತ್ತಾಡ್ತಿದ್ದಾರೆ ಅಂತ. ಬೇಡ್ವಾ? ಸರಿ, ಇಟ್ಕೋ. ಅಲ್ಲ, ಈ ಅಂಗಡೀಲಿ ಇಪ್ಪತ್ತು ಗಡಿಯಾರ ಇದೆ, ಎಲ್ಲಾ ಕೆಟ್ಟು ಬಂದಿರೋವೇ, ಒಂದು ಹೇಳಿದ್ದು ಇನ್ನೊಂದು ಹೇಳಲ್ಲ. ಇವುಗಳ ಮಧ್ಯೆ ಅದನ್ನ ಇಟ್ಟು ಏನು ಪರೀಕ್ಷೆ ಮಾಡ್ತೀಯ? ಗೋಡೆದು ಸರಿ ಇರೋದು ನಿಜ. ಅದೊಂದು ಸರಿ ಇದೆ. ಆದ್ರೂ…

ಅಯ್ಯೋ, ಗೋಡೆದು ಹೊಡೆಯೋಕೆ ಶುರುವಾಯ್ತು. ಒಂದು… ಟೀ ತರಿಸ್ಲಾ ನಿನಗೆ? ಎರಡು… ಬಸ್ಸಲ್ಲಿ ಹಸಿವಾಗುತ್ತೆ, ಏನಾದ್ರೂ ತಿಂದು… ಮೂರು… ಅದನ್ನ ನೋಡ್ಬೇಡ. ನನ್ನ ನೋಡು, ಇಲ್ಲಿ ನನ್ನ ಮುಖ ನೋಡು…

ನಾಲ್ಕು.

ವಾಚಲ್ಲಿ ಮೂರು ಐವತ್ತೈದು. ಅಲ್ವಾ? ನಾನಿನ್ನೂ ಅದರ ಕಡೆ ತಿರುಗಿಲ್ಲ. ನೋಡದೇ ಹೇಗೆ ಹೇಳ್ದೆ ಅಂತ ಕೇಳು. ಕೇಳೇ. ಬೈಯೋದಾದ್ರೆ ಬೈ.

ಗಂಟೆಗೆ ಐದು ನಿಮಿಷ ಹಿಂದೆ ಬೀಳುತ್ತೆ. ಮೂರು ಗಂಟೆಗೆ ಹದಿನೈದು. ಒಳಗಿರೋದು ಬೇರೆ ವಾಚಿನ ಸ್ಪ್ರಿಂಗು. ನಾನೇ ಹಾಕಿದ್ದು, ಇದೇ ಮೇಜಿನ ಮೇಲೆ. ನಿಶ್ಚಯ ಆದ ದಿನ ನಿನಗೆ ಕೊಟ್ಟ ವಾಚಿಗೇ… ಭಯ ಆಯ್ತು ಕಣೆ. ದೊಡ್ಡ ಆಸ್ಪತ್ರೆ ನೋಡಿದವಳು ಈ ಹತ್ತಡಿ ಅಂಗಡಿಯವನ ಹತ್ರ ಯಾಕೆ ವಾಪಸ್ ಬರ್ತಾಳೆ ಅನ್ನಿಸ್ತು. ಒಂದು ಸಲ ಆಗ್ಲಿಲ್ಲ ಅಂದ್ರೆ ಬಿಟ್ಟುಬಿಡ್ತೀಯ ಅಂದ್ಕೊಂಡೆ. ಮೇಲಿಂದ ಕೈ ನಿಧಾನ ಅಂದೆ. ನೀನು ಅದನ್ನ ನಂಬಿದೆ! ನಂಬಿ, ಆ ಒಲೆ ಮುಂದೆ ಬೆಂದು, ನಾನು ಕದ್ದ ಹದಿನೈದು ನಿಮಿಷಾನೂ ಮೀರಿ ಓಡಿಬಿಟ್ಟೆ.

ಯಾವಾಗ ಗೊತ್ತಾಯ್ತು? ಹಾಲ್‌ನಲ್ಲೇನಾ? ಎಲ್ಲಾ ಮುಗಿಸಿ ಕೈಕಟ್ಟಿ ಕೂತಿದ್ದಾಗ, ವಾಚಲ್ಲಿ ಇನ್ನೂ ಹದಿನೈದು ನಿಮಿಷ ಇರೋವಾಗ್ಲೇ ಗಂಟೆ ಹೊಡೀತಾ… ಮತ್ತೆ? ಮೂರು ವಾರ ನನ್ನ ಜೊತೆ ಊಟ ಮಾಡಿದ್ಯಲ್ಲೇ. ಇದನ್ನೆಲ್ಲ ಒಳಗೇ ಇಟ್ಕೊಂಡು. ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊ.

ಯಾಕೆ ಎದ್ದೆ? ಬ್ಯಾಗ್ ಯಾಕೆ ಎತ್ಕೊಂಡೆ? ಬಸ್ ಸ್ಟ್ಯಾಂಡಿಗೆ ಐದು ನಿಮಿಷದ ದಾರಿ. ಕೂತ್ಕೊ, ಇನ್ನೂ ಟೈಮಿದೆ. ಇದೆ ಕಣೆ, ನಿಜವಾಗ್ಲೂ ಇದೆ… ಯಾವ ಗಡಿಯಾರ ತೋರಿಸ್ಲಿ ನಿನಗೆ?