ಮಾಸು ಹೂತ ಕುಳಿಯ ಹೂ

ಇದು ನನ್ನ ಚಿಕ್ಕಪ್ಪನ ಮಗ ನೀಲಕಂಠಸ್ವಾಮಿಗೆ ಆದದ್ದು. ಐವತ್ತಾರನೇ ಇಸವಿ, ಭರಣಿ ಮಳೆ ಬಿದ್ದ ನಾಲ್ಕನೇ ದಿನ. ನಾನು ತೆರಕಣಾಂಬಿಯಲ್ಲಿ ಅರಿಸಿನ, ಗೆಡ್ಡೆ ವ್ಯಾಪಾರ ಮಾಡುವವನು. ತಕ್ಕಡಿಗೆ ಬಾರದ್ದನ್ನು ನಂಬುವ ಆಳಲ್ಲ. ಆದರೂ ಹೇಳುತ್ತೇನೆ... ಆ ಬಾಗಿಲು ಸ್ವಲ್ಪ ಮುಂದೆ ಮಾಡಿ.

ಅವನ ಮಗ ಗುರುಪಾದನಿಗೆ ಆಗ ನಾಲ್ಕು ವರ್ಷ. ಆರು ದಿನದಿಂದ ಜ್ವರ ಇಳಿದಿರಲಿಲ್ಲ. ಚಾಮರಾಜನಗರದ ಡಾಕ್ಟರು ಔಷಧಿ ಕೊಟ್ಟು, "ಈ ರಾತ್ರಿ ದಾಟಲಿ, ನೋಡೋಣ" ಅಂದಿದ್ದರು. ಆ ಔಷಧಿ ಹಿಡಿದು ನಾನೂ ಅವನೂ ಕಡೇ ಬಸ್ಸಿಗೆ ಹರವೆಯಲ್ಲಿಳಿದು ಹೊಲದ ದಾರಿ ಹಿಡಿದೆವು. ಅವನ ಮನೆ ಊರಾಚೆ, ಹಾಳುಬಾವಿಯ ಪಕ್ಕ.

ಬಾವಿ ಹತ್ತಿರವಾಯಿತು. ನಾತ... ಎಮ್ಮೆ ಸತ್ತು ಮೂರು ದಿನವಾದಂಥ ನಾತ.

"ಏನ್ಲಾ ಸತ್ತಿರೋದು?" ಪಿಸುಗುಟ್ಟಿದೆ.

"ಸತ್ತಿಲ್ಲ ಕಣಣ್ಣ. ನೀ ಕೊಟ್ಟ ಗೆಡ್ಡೆ ಮೊಗ್ಗಾಗಿತ್ತು, ಅರಳಿರ್ಬೇಕು."

ನೆನಪಾಯಿತು. ಮೂರು ವರ್ಷದ ಹಿಂದೆ ಗುಂಡ್ಲುಪೇಟೆ ಸಂತೆಯಲ್ಲಿ ಒಬ್ಬ ಮಲಯಾಳಿಯಿಂದ ಒಂದು ಸುವರ್ಣಗೆಡ್ಡೆ ಕೊಂಡಿದ್ದೆ. ಒಂದೇ ಗೆಡ್ಡೆಗೆ ಮಂಕರಿ ತುಂಬಿತ್ತು. ಬಿತ್ತನೆಗೆ ಇವನಿಗೆ ಕೊಟ್ಟು, ಹೋಳು ಮಾಡಿ ನೆಡು, ವರ್ಷ ವರ್ಷ ಕೀಳು ಅಂದಿದ್ದೆ. ಈ ಪುಣ್ಯಾತ್ಮ ಇನ್ನೂ ದಪ್ಪವಾಗಲಿ ಅಂತ ಇಡಿಯಾಗಿ ನೆಟ್ಟು, ಕೀಳದೆ ಬಿಟ್ಟಿದ್ದ. ಹಾಗೆ ಬಿಟ್ಟರೆ ಅದು ಹೂ ಬಿಡುತ್ತದೆ. ಗೆಡ್ಡೆಯ ಸಾರವೆಲ್ಲ ಹೂವಿಗೆ ಹೋಗುತ್ತದೆ.

"ಎಲ್ಲಿ ನೆಟ್ಟಿದ್ದೆ?"

"ಹಿತ್ಲಲ್ಲಿ. ಗುರುಪಾದ ಹುಟ್ದಾಗ ಹಿಂದೇ ಬಿದ್ದ ಮಾಸು ಹೂತಿದ್ವಲ್ಲ, ಆ ಕುಳೀಲಿ. ಮಣ್ಣು ಮೆತ್ತಗಿತ್ತು..."

"ಥೂ ಸೋಮಾರಿ! ಮಗೀನ ಮಾಸು ಹೂತ ಜಾಗಕ್ಕೆ ಯಾರಾದ್ರೂ ಗುದ್ದಲಿ ಹಾಕ್ತಾರೇನ್ಲಾ?"

ಅವನು ಕಿವಿಗೊಟ್ಟ. ನಿಂತುಬಿಟ್ಟ.

ಉಸ್... ಗೊರ್. ಉಸ್... ಗೊರ್.

ಕಫ ಕಟ್ಟಿದ ಎದೆಯ ಸದ್ದು. "ನನ್ ಮಗ ಕಣಣ್ಣ!" ಅಂತ ಓಡಿದ. ನಾನೂ ಓಡಿದೆ. ಆದರೆ ಸದ್ದು ಮನೆಯೊಳಗಿಂದ ಬರುತ್ತಿರಲಿಲ್ಲ.

ಒಳಗೆ ಹುಡುಗ ತಣ್ಣಗೆ ಮಲಗಿದ್ದ. ಹಣೆ ಬೆವೆತಿತ್ತು. ಅವನ ಹೆಂಡತಿ ಮಹಾಲಕ್ಷ್ಮಮ್ಮ ಸೆರಗು ಬಾಯಿಗಿಟ್ಟು ಹೇಳಿದಳು: "ಜ್ವರ ಬುಡ್ತು ಭಾವಾ. ಹೂ ಅರಳಿದ ಗಳಿಗೇಲೇ ಬುಡ್ತು... ಹಿತ್ಲಿಗೆ ಮಾತ್ರ ಓಗ್ಬೇಡಿ."

ಹೋದೆವು. ಲಾಟೀನಿನ ಬೆಳಕಿಗೆ ಕಂಡಿತು. ಮೊರದಗಲ, ಈಲಿಯ ಕಪ್ಪುಗೆಂಪು ಬಣ್ಣ, ಮೊಳಕ್ಕೂ ಗಿಡ್ಡ ದಂಟು. ಸದ್ದು ಅದರೊಳಗಿತ್ತು. ಮುಟ್ಟಿದೆ. ಸುಡುತ್ತಿತ್ತು.

ಈ ಹೂ ಅರಳಿದ ರಾತ್ರಿ ಬಿಸಿಯಾಗುವುದು ನನಗೆ ಗೊತ್ತು. ಹಾಗೆಂದೇ ಹೇಳಿದೆ. "ಸದ್ದು?" ಅಂದ. "ಗಾಳಿ" ಅಂದೆ. ಗಾಳಿ ಇರಲಿಲ್ಲ.

"ಜ್ವರ ಬುಟ್ಟ ಮಗ ಈ ನಾತ ಕುಡೀಬಾರ್ದು. ಕುಯ್ದು ಬುಡು ಕಣ್ಲಾ" ಅಂದೆ.

ಕುಡುಗೋಲನ್ನು ಅವನ ಕೈಗೆ ಇಟ್ಟವನು ನಾನೇ.

ಕರಕ್.

ಉಸಿರು ನಿಂತಿತು. ಮರುಗಳಿಗೆ ಅದೇ ಗೊರಗೊರ ಮನೆಯೊಳಗೆ ಶುರುವಾಯಿತು.

"ಮಗ ಸುಡ್ತಾವ್ನೆ! ಏನ್ ಮಾಡ್ಬುಟ್ರಿ?" ಒಳಗಿಂದ ಮಹಾಲಕ್ಷ್ಮಮ್ಮ ಕೂಗಿದಳು.

ಓಡಿಹೋಗಿ ಔಷಧಿ ಹಾಕಿದೆ. ಕಟಬಾಯಲ್ಲಿ ಹೊರಗೆ ಇಳಿಯಿತು. ಕಣ್ಣುಗುಡ್ಡೆಗಳು ಮೇಲೆ ಸಿಕ್ಕಿಕೊಂಡಿದ್ದವು. ತಿರುಗಿ ಹಿತ್ತಿಲಿಗೆ ಬಂದರೆ ನೀಲಕಂಠಸ್ವಾಮಿ ಕುಯ್ದ ಹೂವನ್ನು ದಂಟಿನ ಮೇಲೆ ಕೂರಿಸಿ ಬಾಳೆನಾರು ಸುತ್ತುತ್ತಿದ್ದ. ಜಾರಿತು. ಮತ್ತೆ ಸುತ್ತಿದ. ಆಮೇಲೆ ಕೆಸರಲ್ಲಿ ಮಲಗಿ, ಎರಡೂ ಕೈಯಲ್ಲಿ ಅದನ್ನು ಎದೆಗೆ ಅವಚಿಕೊಂಡ.

"ಅಣ್ಣಾ, ತಣ್ಣಗಾಯ್ತಾ ಅದೆ... ಕಂಬಳಿ ತಾ!"

"ಹುಚ್ಚು ಹಿಡೀತೇನ್ಲಾ ನಿಂಗೆ?"

"ಹಿಡೀಲಿ ಬುಡು. ಕಂಬಳಿ ತಾ."

ತಂದೆ. ಹೊದಿಸಿದೆ. ನಾತಕ್ಕೆ ವಾಂತಿ ಮಾಡಿದ, ಬಾಯಿ ಒರೆಸಿಕೊಳ್ಳಲೂ ಕೈ ಬಿಡಲಿಲ್ಲ. ಅವನ ಹಿಡಿತ ಸಡಿಲವಾದಾಗಲೆಲ್ಲ ಒಳಗಿಂದ ಅವಳು, "ಉಸಿರಿಲ್ಲ... ಉಸಿರಿಲ್ಲ" ಅನ್ನುತ್ತಿದ್ದಳು. ಅವನು ಇನ್ನೂ ಬಿಗಿಯಾಗಿ ಅವಚುತ್ತಿದ್ದ. "ನನ್ ಮೈ ಬಿಸಿ ತಕ್ಕೊ... ಎಲ್ಲಾ ತಕ್ಕೊ" ಅಂತ ಆ ಹೂವಿಗೆ ಬೇಡುತ್ತಿದ್ದ.

ಕೋಳಿ ಕೂಗುವ ಹೊತ್ತಿಗೆ ಒಳಗಿನ ಗೊರಗೊರ ನಿಂತಿತು. ಪೂರ್ತಿ ನಿಂತಿತು. ಒಳಗೆ ಹೋಗಿ ನೋಡುವ ಧೈರ್ಯ ನನಗಿರಲಿಲ್ಲ. ಅವನಿಗೂ ಇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಕಂಬಳಿಯೊಳಗೆ ಮೆಲ್ಲಗೆ... ಉಸ್.

ಮನೆಯೊಳಗಿಂದ: "ಅವ್ವಾ, ನೀರು."

ಕುಯ್ಯದ ಹೂವೇ ನಾಲ್ಕೈದು ದಿನಕ್ಕೆ ಕೊಳೆತು ಬೀಳುತ್ತದೆ. ಕುಯ್ದು ಕಟ್ಟಿದ ಆ ಹೂ ಹನ್ನೊಂದು ದಿನ ನಿಂತಿತು. ಹುಡುಗ ಎದ್ದು ಹೊಸ್ತಿಲವರೆಗೆ ತಾನೇ ನಡೆದ ದಿನ ಸಂಜೆ ಬಿತ್ತು.

ಗೆಡ್ಡೆಯಾದರೂ ಉಳಿಯಲಿ ಅಂತ ಮಾರನೇ ದಿನ ಗುದ್ದಲಿ ಹಿಡಿದೆ. ಮಹಾಲಕ್ಷ್ಮಮ್ಮ ಬೇಡವೆಂದಳು. ಕೇಳಲಿಲ್ಲ. ಮೊಣಕಾಲಾಳ ಅಗೆದೆ, ಸೊಂಟದಾಳ ಅಗೆದೆ. ದಂಟು ಗೇಣುದ್ದ ಒಳಗಿಳಿದು ಮುಗಿದಿತ್ತು. ಅದರಡಿಯಲ್ಲಿ ಮಂಕರಿಯಷ್ಟಗಲದ ನುಣ್ಣನೆಯ ಗುಳಿ, ಖಾಲಿ. ಗೆಡ್ಡೆ ಇಲ್ಲ. ಕೊಳೆತ ತಿರುಳಿಲ್ಲ, ಬೇರಿಲ್ಲ, ಹೆಗ್ಗಣದ ಬಿಲವೂ ಇಲ್ಲ.

ಗೆಡ್ಡೆಯಿಲ್ಲದೆ ಆ ಹೂ ಏಳುವುದಿಲ್ಲ. ಬೇರೆ ಯಾವುದರಲ್ಲಾದರೂ ನನ್ನನ್ನು ಸುಳ್ಳುಗಾರ ಅನ್ನಿ, ಗೆಡ್ಡೆಯ ವಿಷಯದಲ್ಲಿ ಅನ್ನಬೇಡಿ. ಆ ಮಣ್ಣನ್ನು ಹಿಡಿ ಹಿಡಿಯಾಗಿ ಜಾಲಿಸಿದ್ದೇನೆ, ಈ ಕೈಯಲ್ಲೇ. ಏನೂ ಇರಲಿಲ್ಲ.