ಮಾಳಿಗೆ ಮೇಲಿನ ಗಿಡುಗ

ಮುಳಬಾಗಿಲಿನ ಸುಬ್ಬರಾಯಪ್ಪ ರಾತ್ರಿ ಅಂಗಡಿ ಮುಚ್ಚಿ ಬಾವಿ ಪಕ್ಕ ಹಾದು ಮನೆಗೆ ಬರ್ತಿದ್ದ. ಕಿರ್ರ್... ರಾಟೆ ತಿರುಗಿತು. ಹಗ್ಗ ಇರಲಿಲ್ಲ, ಕೊಡ ಇರಲಿಲ್ಲ. ಬಾವಿಕಟ್ಟೆ ಮೇಲೆ ಅವನ ಹೆಂಡತಿ ಅಶ್ವತ್ಥಮ್ಮ ಕೂತಿದ್ದಳು. ಅವಳು ಸತ್ತು ತಿಂಗಳಾಗಿತ್ತು.

ನಗಬೇಡಿ. ಸುಬ್ಬರಾಯಪ್ಪ ನಮ್ಮ ಮಾವನ ಪಕ್ಕದ ಮನೆಯೋನು, ದೇವರ ಪಟಗಳಿಗೆ ಕಟ್ಟು ಹಾಕೋನು. ಸುಳ್ಳು ಹೇಳೋ ಆಸಾಮಿ ಅಲ್ಲ.

"ಹಸಿವು ಕಣ್ರೀ..." ಅಂತ ಪಿಸುಗುಟ್ಟಿದಳು.

ಅವನು ಕಟ್ಟೆ ಹತ್ರ ಸರಿದ. "ತಿಥಿ ದಿನ ಮಾಳಿಗೆ ಮೇಲೆ ಎಡೆ ಇಟ್ಟಿದ್ನಲ್ಲೇ. ಒಂದು ಕಾಗೇನೂ ಮುಟ್ಟಲಿಲ್ಲ. ನನ್ಮೇಲೆ ಕೋಪಾನಾ?"

"ಬಂದಿದ್ದೆ... ಅಲ್ಲಿ ಗಿಡುಗ ಕೂತಿತ್ತು."

ಆಗ ಹೊಳೀತು ನೋಡಿ ಅವನಿಗೆ. ಯುದ್ಧ ಶುರುವಾದ ವರ್ಷ ಚಿನ್ನದ ಗಣಿಯ ಬಿಳಿ ದೊರೆಯೊಬ್ಬ ಹಡಗು ಹತ್ತಿ ತನ್ನ ಸೀಮೆಗೆ ಹೊರಟಾಗ ಬಂಗಲೆ ಸಾಮಾನು ಹರಾಜಾಗಿತ್ತು. ಇವನು ಬೇಟೆಹಕ್ಕಿಗಳ ಪಟದ ಕಂತೆ ತಂದಿದ್ದ. ತಾತನ ಕಾಲದ ಅಚ್ಚು, ಕೈಯಲ್ಲಿ ಬಣ್ಣ ತುಂಬಿದ್ದು. ಕೆಂಚು ಹದ್ದನ್ನ ಗರುಡ ಅಂತ ಜನ ಕುಂಕುಮ ಇಟ್ಟು ಕೊಂಡ್ರು. ಗೂಬೆ ಯಾರಿಗೂ ಬೇಡವಾಯ್ತು. ಗಿಡುಗದ ಪಟಕ್ಕೆ ಮಾತ್ರ ಗಾಜು ಹಾಕಿ, ಹೆಂಡತಿ ಒಣಹಾಕೋ ಸಂಡಿಗೆಗೆ ಕಾಗೆ ಬಾರದಿರಲಿ ಅಂತ ಮಾಳಿಗೆಯ ಗೂಟಕ್ಕೆ ಕಟ್ಟಿದ್ದ. ಎಂಥಾ ಕಣ್ಣು ಅಂತೀರಿ ಅದಕ್ಕೆ... ಒಂದು ಕಾಗೇನೂ ಸುಳೀತಿರಲಿಲ್ಲ. ಅವಳು ಜ್ವರದಲ್ಲಿ ಹೋದಾಗ ಅದನ್ನ ಬಿಚ್ಚೋದು ಮರೆತೇಬಿಟ್ಟಿದ್ದ.

"ಈಗಲೇ ಬಿಚ್ತೀನಿ ಕಣೇ. ಉಂಡ್ಮೇಲೆ... ಮತ್ತೆ ಬರ್ತೀಯಾ?"

"ಇಲ್ಲ. ಉಂಡ್ರೆ ಹೋಗ್ಬೇಕು."

ಅವನು ಬಿಚ್ಚಲಿಲ್ಲ. ಪಾಪಿ, ಬಿಚ್ಚಲಿಲ್ಲ. ದಿನಾ ರಾತ್ರಿ ಬಾವಿ ಹತ್ರ ಹೋಗಿ ಅವಳ ಮುಖ ನೋಡ್ತಾ ಕೂರ್ತಿದ್ದ. ಅವಳೂ ಬೈಯಲಿಲ್ಲ. ಬರ್ತಾ ಬರ್ತಾ ಕೆನ್ನೆ ಗುಳಿಬಿತ್ತು, ಬಳೆ ಮೊಣಕೈವರೆಗೂ ಜಾರೋ ಹಾಗಾಯ್ತು. ಒಂದು ರಾತ್ರಿ ನೋಡ್ತಾನೆ... ಕಟ್ಟೆ ಮೇಲೆ ಯಾರೋ ಚೆಲ್ಲಿದ್ದ ರಾಗಿಕಾಳನ್ನ ಆಯ್ತಿದ್ದಾಳೆ. ಒಂದೂ ಬೆರಳಿಗೆ ಸಿಗ್ತಿಲ್ಲ.

ಬಿಕ್ಕಿ ಬಿಕ್ಕಿ ಅಳ್ತಾ ಮನೆಗೆ ಓಡಿದ. ಪಟ ಬಿಚ್ಚಿ ಒಲೆಗೆ ಹಾಕಿದ. ಬಿಸಿ ಮುದ್ದೆ, ಹುರುಳಿ ಸಾರು ಮಾಡಿ, ಎಲೆಗೆ ಬಡಿಸಿ, ಮಾಳಿಗೆ ಮೇಲಿಟ್ಟು ಪಕ್ಕದಲ್ಲೇ ಕೂತ. ಕೊನೇ ಸಲ ಒಂದಿಷ್ಟು ನೋಡಿ ಕಳಿಸೋಣ ಅಂತ. ಆ ದಿನವೆಲ್ಲ ಅವನೂ ಉಂಡಿರಲಿಲ್ಲ. ಬೆಳಗಿನ ಜಾವ ಕಣ್ಣು ಹತ್ತಿಬಿಡ್ತು.

ಎದ್ದಾಗ ಬಿಸಿಲು. ಬಾವಿ ಹತ್ರ ಅವಳು ಮತ್ತೆ ಯಾವತ್ತೂ ಕಾಣಲಿಲ್ಲ.

ಕಾಗೆ ತಿಂದಿರುತ್ತೆ ಅಂತೀರಾ? ನಮ್ಮ ಮಾವ ಅವತ್ತು ಬೆಳಿಗ್ಗೇನೇ ಮಾಳಿಗೆ ಹತ್ತಿ ಕಣ್ಣಾರೆ ನೋಡಿದ್ದಾರೆ. ಸಾರು ಪೂರ್ತಿ ಬಳಿದಿತ್ತು. ಮುದ್ದೆ ಮಾತ್ರ ಸರಿಯಾಗಿ ಅರ್ಧಕ್ಕೆ ಮುರಿದು, ಅವನು ಮಲಗಿದ್ದ ಕಡೆಗೆ ಸರಿಸಿಟ್ಟಿತ್ತು.