ರೇಡಿಯೇಟರಿಗೆ ಬಿದ್ದ ತಲೆಯೆಣ್ಣೆ

ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಅವನಿಗೊಂದು ಹಳೇ ಟ್ರ್ಯಾಕ್ಟರ್, ಒಬ್ಬಳು ಹೆಂಡತಿ. ದಿನಾ ಬೆಳಿಗ್ಗೆ ರೇಡಿಯೇಟರಿಗೆ ನೀರು ಹಾಕುವುದು ಅವಳ ಕೆಲಸ. ಉಳಿದದ್ದಕ್ಕೆಲ್ಲ ಬುದ್ಧಿ ಬೇಕಂತೆ. ಹಾಗಾಗಿ ಅದು ಸಾಹುಕಾರನ ಪಾಲು.

ಒಂದು ಬೆಳಿಗ್ಗೆ ಮುಚ್ಚಳ ತೆಗೆದವಳಿಗೆ ನೀರಿನ ಮೇಲೆ ಎಣ್ಣೆ ಕಂಡಿತು. ಸಾರಿನ ಮೇಲೆ ಒಗ್ಗರಣೆ ತೇಲುವುದಿಲ್ಲವೇ, ಹಾಗೆ. ಗಂಡನನ್ನು ಕರೆದಳು. ಅವನು ಬಂದು ನೋಡಿದ. ಏನನ್ನು? ಅವಳ ಜಡೆಯನ್ನು!

“ತಲೆ ತುಂಬ ಎಣ್ಣೆ ಬಳ್ಕೊಂಡು ಬಗ್ಗಿದ್ರೆ ಇನ್ನೇನಾಗುತ್ತೆ? ಇವತ್ತಿಂದ ನಿನ್ನ ತಲೆಗೆ ಎಣ್ಣೆ ಬಂದ್!”

“ರೀ, ಜಡೆಯಿಂದ ಇಷ್ಟು ಎಣ್ಣೆ ಸೋರೋಕೆ ನಾನೇನು ಗಾಣವಾ? ಮೊನ್ನೆ ಉಳುವಾಗ ಎಂಜಿನ್ ಕುದೀತಿದೆ, ನಿಲ್ಲಿಸಿ ಅಂದೆನಲ್ಲ...”

“ನಿಂಗೇನ್ ಗೊತ್ತು, ಸುಮ್ನಿರು!”

ಅವಳು ನೀರು ಹಾಕುವ ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು, ಸೀಗೆಪುಡಿ ಹಾಕಿ ತಿಕ್ಕಿದಳು. ಅವನು ರೇಡಿಯೇಟರಿನ ನೀರು ಬದಲಿಸಿದ. ಮತ್ತೆ ಎಣ್ಣೆ. ಮತ್ತೆ ಬದಲಿಸಿದ. ಮತ್ತೆ ಎಣ್ಣೆ! ಹದಿನೈದು ದಿನದಲ್ಲಿ ಅವಳ ಕೂದಲು ತೆಂಗಿನ ನಾರಾಯಿತು. ಅದನ್ನಾದರೂ ಸಹಿಸಬಹುದು. ಆದರೆ ನೋಡಿ, ಒಂದು ದಿನ ಅವಳು ಕನ್ನಡಿ ಮುಂದೆ ನಿಂತು, ನಿಜಕ್ಕೂ ನನ್ನಿಂದಲೇ ಆಯಿತೇನೋ ಎಂದು ಹಣೆ ಒರೆಸಿ ಬೆರಳು ನೋಡಿಕೊಂಡಳು.

ಕಡೆಗೆ ಮೆಕ್ಯಾನಿಕ್ ಬಂದ. ರೇಡಿಯೇಟರಿಗೆ ಬೆರಳದ್ದಿ ಮೂಸಿದ. ಎಂಜಿನ್ನಿನಿಂದ ಎಣ್ಣೆ ಅಳೆಯುವ ಕಡ್ಡಿ ಎಳೆದ. ತುದಿಯಷ್ಟೇ ಒದ್ದೆ.

“ಸಾವ್ಕಾರ್ರೇ, ಇದು ಕೊಬ್ಬರಿ ಎಣ್ಣೆ ಅಲ್ಲ, ಎಂಜಿನ್ ಎಣ್ಣೆ. ಇಲ್ಲಿ ಕಮ್ಮಿಯಾಗಿದ್ದೇ ಅಲ್ಲಿ ತೇಲ್ತಿರೋದು. ಎಣ್ಣೆ, ನೀರು ಬೆರೆಯದಂಗೆ ತಡೆಯೋ ಗ್ಯಾಸ್ಕೆಟ್ ಕಾದು ಸುಟ್ಟೋಗಿದೆ. ಕುದಿಯೋವಾಗ ನಿಲ್ಲಿಸಿ ಅಂತ ಯಾರೂ ಹೇಳ್ಲಿಲ್ವಾ?”

ಸಾಹುಕಾರ ಆಕಾಶ ನೋಡಿದ. ಹೆಂಡತಿ ಒಳಗೆ ಹೋಗಿ ಕೊಬ್ಬರಿ ಎಣ್ಣೆ ಬಾಟಲಿ ತಂದಳು. ಟ್ರ್ಯಾಕ್ಟರಿನ ಪಕ್ಕದಲ್ಲೇ ಕೂತು ನೆತ್ತಿಗೆ ಸುರಿದುಕೊಂಡಳು.

“ರೀ, ಸ್ವಲ್ಪ ತಟ್ಟಿ,” ಎಂದಳು.

ತಟ್ಟಿದ.

ಯಜಮಾನರೇ, ಪಕ್ಕದವರ ಮುಖ ಯಾಕೆ ನೋಡುತ್ತೀರಿ? ನಿಮಗೇ ಹೇಳಿದ್ದು. ತಾಯಂದಿರೇ, ನಗಬೇಡಿ; ಸೊಸೆಯ ಜಡೆ ನೋಡುವವರು ನಿಮ್ಮಲ್ಲೂ ಇದ್ದಾರೆ! ಮನೆಯಲ್ಲಿ ಏನಾದರೂ ಕೆಟ್ಟಾಗ, ಬೈಯಲು ಬಾಯಿ ತೆರೆಯುವ ಮೊದಲು ನಿಮ್ಮೊಳಗಿನ ಕಡ್ಡಿ ಎಳೆದು ನೋಡಿಕೊಳ್ಳಿ. ‘ನಿಲ್ಲಿಸಿ’ ಎಂದವರ ಮಾತಿಗೆ ಒಮ್ಮೆ ನಿಲ್ಲಿ. ತಪ್ಪು ನಿಮ್ಮದೇ ಆಗಿದ್ದರೆ ಒಪ್ಪಿಕೊಳ್ಳಿ. ಅದಕ್ಕೆ ನಾಲಿಗೆ ಏಳದಿದ್ದರೆ, ಹೋಗಲಿ, ಇವತ್ತು ಮನೆಗೆ ಹೋಗಿ ಎಣ್ಣೆಯನ್ನಾದರೂ ತಟ್ಟಿ.